ಹಳೇ ಟಾಟಾ ಮೊಬೈಲ್‌ಗೆ ಹೊಸ ಬಾಡಿ: ಅಳತೆ ಎಲ್ಲಿಂದ ಹಿಡೀಬೇಕು?



ನಮ್ಮ ಹಳೇ ಟಾಟಾ ಮೊಬೈಲ್‌ಗೆ ಹಿಂದಿನ ಬಾಡಿ ಹೊಸದಾಗಿ ಕಟ್ಟಿ ಕೂರಿಸಿ ಇವತ್ತಿಗೆ ಐದು ವಾರ ಆಯ್ತು. ಮಂಡೀಲಿ, ಡೈರಿ ಹತ್ರ, ದಾರೀಲಿ ಸುಮಾರು ಜನ ನಿಲ್ಲಿಸಿ ಕೇಳಿದ್ರು. ಎಲ್ಲಿ ಕಟ್ಟಿಸಿದ್ರಿ, ಎಷ್ಟಾಯ್ತು, ಹಿಂದಿನ ಡೋರ್ ಹೆಂಗೆ ಒಂದೇ ಕೈಲಿ ಮುಚ್ಚುತ್ತೆ ಅಂತ. ಒಬ್ಬೊಬ್ಬರಿಗೂ ನಿಂತು ಹೇಳೋ ಬದಲು ಇಲ್ಲೇ ಪೂರ್ತಿ ಬರೀತಿದ್ದೀನಿ. ಉದ್ದ ಇದೆ. ಸಾಯಂಕಾಲ ಹಾಲು ಹಾಕಿ ಬಂದ ಮೇಲೆ ಸಾವಕಾಶವಾಗಿ ಓದಿ.

ಮೊದಲು ಗಾಡಿ ವಿಚಾರ. ನಮ್ಮದು 1994ನೇ ಮಾಡಲ್. ನಾನು ಮೂರನೇ ಮಾಲೀಕ, 2009ರಲ್ಲಿ ತಗೊಂಡಿದ್ದು. ಟಾಟಾದವರು ಈ ಪಿಕಪ್ಪನ್ನ 1988ರಲ್ಲಿ ರಸ್ತೆಗೆ ಬಿಟ್ರು. 407 ಬಂದಿದ್ದು ಅದಕ್ಕಿಂತ ಎರಡು ವರ್ಷ ಮುಂಚೆ. ಇದರ ಚಾಸಿ ಇಟ್ಕೊಂಡೇ 1991ರಲ್ಲಿ ಸಿಯೆರಾ ಅಂತ ಕಾರು ಮಾಡಿದ್ರು. ಕೈಲಿ ಹಿಡ್ಕೊಳ್ಳೋ ಮೊಬೈಲು ನಮ್ಮ ದೇಶಕ್ಕೆ ಬಂದಿದ್ದು 1995ರಲ್ಲಿ, ಹಂಗಾಗಿ ನಮ್ಮ ಕಡೆ ಮೊದಲು ಮೊಬೈಲ್ ಅಂದ್ರೆ ಈ ಗಾಡೀನೇ. ಈಗ ಹುಡುಗರಿಗೆ "ಮೊಬೈಲ್ ತಗೊಂಡು ಬಾ" ಅಂದ್ರೆ ಫೋನ್ ತಂದು ಕೊಡ್ತಾರೆ.

ಕೆಲವರು ತಮಾಷೆಗೆ "ಏನ್ರೀ, ವಿಂಟೇಜ್ ಗಾಡಿ" ಅಂತಾರೆ. ಸರ್ಕಾರದ ಲೆಕ್ಕದಲ್ಲಿ ಇದು ವಿಂಟೇಜ್ ಅಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ ಮಾತ್ರ ಆ ಹೆಸರು, ಅದಕ್ಕೆ ವಿಎ ಅಂತ ಬೇರೆ ನಂಬರ್. ಅಂಥ ಗಾಡೀಲಿ ಬಾಡಿಗೆ ಹೊಡೆಯೋ ಹಾಗಿಲ್ಲ, ದಿನಾ ರಸ್ತೆಗೆ ಇಳಿಸೋ ಹಾಗೂ ಇಲ್ಲ. ನಮ್ಮದು ವರ್ಷಾ ವರ್ಷಾ ಎಫ್‌ಸಿ ಮಾಡಿಸಿಕೊಂಡು ಟೊಮೆಟೊ ಹೊರೋ ಗಾಡಿ. ಅದು ನಿಂತ್ರೆ ಬಾಕ್ಸ್ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೋಲಾರದ ಮಂಡಿಗೆ ಕಳಿಸಬೇಕು, ಅದೂ ಅವರು ಬಂದಾಗ, ಅವರಿಗೆ ಬೇಕಾದ ಹೊತ್ತಿಗೆ. ಎರಡೂವರೆ ಎಕರೆ ಇಟ್ಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಳೇ ಬಾಡಿ ಕಂಪನಿಯದಲ್ಲ. ನಾನು ತಗೊಳ್ಳೋ ಹೊತ್ತಿಗೇ ಹಿಂದಿನ ಮಾಲೀಕರು ಎಲ್ಲೋ ಕಟ್ಟಿಸಿ ಹಾಕಿಸಿದ್ರು. ನೆಲದ ತಗಡು ಈಚೆಗೆ ಜರಡಿ ಆಗಿತ್ತು. ಅದಕ್ಕೆ ಕಾರಣ ಮಳೆ ಒಂದೇ ಅಲ್ಲ. ನಾವು ಹಾಕೋ ಪೊಟ್ಯಾಶ್ ಚೀಲದಲ್ಲಿ ಕ್ಲೋರೈಡ್ ಉಪ್ಪು ಇರುತ್ತೆ. ಚೀಲ ಹರಿದು ಚೆಲ್ಲಿದ್ದು, ಅದರ ಮೇಲೆ ತೇವ, ಅದರ ಮೇಲೆ ಒಡೆದ ಟೊಮೆಟೊ ಹುಳಿ. ಕಬ್ಬಿಣ ಎಷ್ಟು ದಿನ ತಡೆಯುತ್ತೆ? ಗೊಬ್ಬರ ಹೊತ್ತ ದಿನ ಸಂಜೆಗೇ ಬಾಡಿ ತೊಳೀರಿ. ಎರಡು ಕೊಡ ನೀರಿನ ಕೆಲಸ.

ತೂತಿನ ತಗಡಿನ ಮೇಲೆ ಹಲಗೆ ಹಾಸಿಕೊಂಡು ಇನ್ನೂ ಒಂದೆರಡು ವರ್ಷ ಓಡಿಸಬಹುದಿತ್ತು. ಆದ್ರೆ ಹೋದ ಮಳೆಗಾಲದಲ್ಲಿ ನಡೆದಿದ್ದೇ ಬೇರೆ. ಬೆಳಗಿನ ಜಾವ ಐದೂಕಾಲು, ಮಂಡಿ ದಾರಿ, ಹಿಂದೆ 56 ಬಾಕ್ಸ್. ಹೊರಡೋ ಮುಂಚೆ ಎರಡೂ ಕಡೆ ಕೊಂಡಿ ಹಾಕಿ, ಎಳೆದು ನೋಡಿಯೇ ಹತ್ತಿದ್ದು. ಒಂದು ಹಂಪ್ ದಾಟಿದಾಗ ಬಲಗಡೆ ಕೊಂಡಿ ಜಾರಿ ಹಿಂದಿನ ಡೋರ್ ಬಾಯಿ ಬಿಡ್ತು. ಒಂಬತ್ತು ಬಾಕ್ಸ್ ರಸ್ತೆಗೆ ಬಿತ್ತು. ಹಿಂದೆ ಬೈಕಲ್ಲಿ ಗಂಡ ಹೆಂಡತಿ, ನಡುವೆ ನಾಲ್ಕೈದು ವರ್ಷದ ಮಗು. ಆ ಪುಣ್ಯಾತ್ಮ ದೂರ ಬಿಟ್ಟು ಬರ್ತಿದ್ದ, ಬ್ರೇಕ್ ಹಿಡಿದ, ಆದ್ರೂ ಹಣ್ಣಿನ ಮೇಲೆ ಚಕ್ರ ಜಾರಿ ಮೂರೂ ಜನ ಬಿದ್ದರು. ಆ ತಾಯಿಗೆ ಮೊಣಕೈ ತರಚಿ ನಾಲ್ಕು ಹೊಲಿಗೆ ಬಿತ್ತು. ಮಗುವಿಗೆ ಏನೂ ಆಗಲಿಲ್ಲ. ಆಸ್ಪತ್ರೇಲಿ ಅದು ನನ್ನ ಪಕ್ಕ ಕೂತು "ತಾತ, ನಿಮ್ಮ ಟೊಮೆಟೊ ಎಲ್ಲಾ ಹೋಯ್ತಾ" ಅಂತ ಕೇಳ್ತು. ಅವತ್ತು ಬಾಕ್ಸ್‌ಗೆ 340 ರೂಪಾಯಿ ಇತ್ತು, ಒಂಬತ್ತಕ್ಕೆ 3,060. ಆ ಲೆಕ್ಕ ನನಗೆ ಹೊಳೆದಿದ್ದು ಮಾರನೇ ದಿನ.

ಕೊಂಡಿ ಮುರಿದಿರಲಿಲ್ಲ, ಸವೆದೂ ಇರಲಿಲ್ಲ. ಹಂಗಾದ್ರೆ ಯಾಕೆ ಜಾರ್ತು? ಟೇಪು ಹಿಡಿದು ನೋಡಿದ ಮೇಲೆ ಗೊತ್ತಾಯ್ತು. ಬಾಡಿ ಒಳಗಡೆ 7 ಅಡಿ ಉದ್ದ, 5 ಅಡಿ ಅಗಲ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ 8 ಅಡಿ ಏಳೂಕಾಲು ಇಂಚು ಬರಬೇಕು. ನಮ್ಮದರಲ್ಲಿ ಒಂದು ಕಡೆ 8 ಅಡಿ ಎಂಟೂಕಾಲು, ಇನ್ನೊಂದು ಕಡೆ 8 ಅಡಿ ಆರೂಕಾಲು. ಅಂದ್ರೆ ಒಂದು ಪಕ್ಕದ ಹಲಗೆ ಇನ್ನೊಂದಕ್ಕಿಂತ ಒಂದೂಕಾಲು ಇಂಚು ಮುಂದೆ ಕೂತಿತ್ತು. ಡೋರ್ ಕೂತಿದ್ದ ಹಿಂದಿನ ಅಡ್ಡಪಟ್ಟಿ ಮಾತ್ರ ನೆಟ್ಟಗಿತ್ತು. ಹಂಗಾಗಿ ಎಡಗಡೆ ಕೊಂಡಿ ಪೂರ್ತಿ ಹಿಡೀತಿತ್ತು, ಬಲಗಡೆ ಮೂತಿ ಮಾತ್ರ ಸಿಕ್ಕಿಸಿಕೊಳ್ತಿತ್ತು. ಕೈಲಿ ಎಳೆದ್ರೆ ಗಟ್ಟಿ. ಒಂದು ಟನ್ ಹತ್ರ ಭಾರ ಹಂಪಲ್ಲಿ ಎಗರಿದ್ರೆ ಎಲ್ಲಿ ಗಟ್ಟಿ?

ಮಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ. ಅವನು "ಅಪ್ಪಾ, ಗುಜರಿಗೆ ಹಾಕಿ ಸಾಲದ ಮೇಲೆ ಹೊಸದು ತಗೊಳ್ಳೋಣ" ಅಂದ. ಟೊಮೆಟೊ ರೇಟು ಬಾಕ್ಸ್‌ಗೆ 50 ರೂಪಾಯಿಗೆ ಬಿದ್ದ ತಿಂಗಳೂ ಕಂತು ಕಟ್ಟಬೇಕಲ್ಲ ಅಂದೆ. ಸುಮ್ಮನಾದ. ಎಂಜಿನ್ ಚೆನ್ನಾಗಿದೆ, ಚಾಸೀಲಿ ಬಿರುಕಿಲ್ಲ. ಬಾಡಿ ಒಂದನ್ನ ಸರಿಯಾಗಿ ಕಟ್ಟೋಣ ಅಂತ ಆಯ್ತು.

ವೆಲ್ಡಿಂಗ್‌ಗೆ ನಮ್ಮ ಹೋಬಳಿಯ ಹುಡುಗ. ಕೈ ಚೆನ್ನಾಗಿದೆ, ಬೀಡು ಓಡಿಸಿದ್ರೆ ಹೊಲಿಗೆ ಹಾಕಿದ ಹಾಗಿರುತ್ತೆ. ಮರದ ಕೆಲಸಕ್ಕೆ ನಮ್ಮೂರ ಆಚಾರ್ರನ್ನ ಕರೆದೆ. ಎಪ್ಪತ್ತು ದಾಟಿದೆ, ಒಂದು ಕಾಲದಲ್ಲಿ ಸುತ್ತಮುತ್ತ ಊರಿಗೆಲ್ಲಾ ಎತ್ತಿನ ಗಾಡಿ ಮಾಡಿಕೊಟ್ಟವರು. ಬಂದವರೇ ಗಾಡಿ ಸುತ್ತ ಒಂದು ಸುತ್ತು ಹಾಕಿ ಕೇಳಿದ್ರು, "ಅಳತೆ ಎಲ್ಲಿಂದ ಹಿಡೀತೀರಿ?"

ಹುಡುಗ, "ಕ್ಯಾಬಿನ್ ಹಿಂಬದಿಯಿಂದ ತಾತಾ. ಕ್ಯಾಬಿನ್‌ಗೆ ಸಮ ಕಂಡ್ರೆ ಆಯ್ತು" ಅಂದ.

"ಕ್ಯಾಬಿನ್ ಏನು ಹೊರುತ್ತಾ? ಅದೂ ಇನ್ನೊಂದರ ಮೇಲೆ ಕೂತಿರೋದೇ. ಇರುಸು ಎಲ್ಲಿದೆ ತೋರಿಸಪ್ಪಾ" ಅಂದ್ರು ಆಚಾರ್ರು.

ಇರುಸು ಅಂದ್ರೆ ಅಚ್ಚು, ಆಕ್ಸೆಲ್ಲು. ಎತ್ತಿನ ಗಾಡಿ ಮಾಡುವಾಗ ಇರುಸಿನ ಎರಡು ತುದಿಯಿಂದ ಮೂಕಿಯ ತುದಿಗೆ ದಾರ ಹಿಡೀತಾರಂತೆ. ಎರಡೂ ದಾರ ಒಂದೇ ಉದ್ದ ಇದ್ರೆ ಮೂಕಿ ನೆಟ್ಟಗಿದೆ. ಬೆರಳಷ್ಟು ವ್ಯತ್ಯಾಸ ಇದ್ರೂ ಗಾಡಿ ಒಂದು ಕಡೆಗೆ ಎಳೆಯುತ್ತೆ, ಆ ಕಡೆ ಎತ್ತಿನ ಹೆಗಲು ಹುಣ್ಣಾಗುತ್ತೆ. "ಎತ್ತು ಬಾಯಿ ಬಿಟ್ಟು ಹೇಳಲ್ಲ, ಹೆಗಲು ನೋಡಿ ತಿಳ್ಕೋಬೇಕು. ನಿನ್ನ ಗಾಡೀಗೆ ಟೈರೇ ಹೆಗಲು" ಅಂತ ಹಿಂದಿನ ಟೈರ್ ಮೇಲೆ ಕೈ ಆಡಿಸಿದ್ರು. ಬಲಗಡೆ ಟೈರು ಒಂದೇ ಅಂಚಿಗೆ ಗರಗಸದ ಹಲ್ಲಿನ ಹಾಗೆ ಸವೆದಿತ್ತು.

ಇಲ್ಲಿಂದ ಮುಂದೆ ಮಾಡಿದ್ದನ್ನ ಮಾಡಿದ ಕ್ರಮದಲ್ಲೇ ಬರೀತೀನಿ. ಕ್ರಮ ತಪ್ಪಿಸಿದ್ರೆ ಮಾಡಿದ್ದೆಲ್ಲಾ ಬಿಚ್ಚಬೇಕಾಗುತ್ತೆ.

ಒಂದು, ನೆಲ. ಹಳೇ ಬಾಡಿ ಇಳಿಸಿ ಗಾಡೀನ ಕಣದ ಕಾಂಕ್ರೀಟ್ ಮೇಲೆ ನಿಲ್ಲಿಸಿದ್ವಿ. ಎಡ ಬಲ ಟೈರಿಗೆ ಗಾಳಿ ಸಮ ಮಾಡಿದ್ವಿ. ಗಾಳಿ ಏರುಪೇರಿದ್ರೆ ಅಳತೆ ಎಲ್ಲಾ ಸುಳ್ಳು.

ಎರಡು, ಇರುಸು. ಚಾಸಿಯ ಮುಂದಿನ ಅಡ್ಡಪಟ್ಟಿಯ ನಡುಮಧ್ಯೆ ಗುರುತು ಹಾಕಿ, ಅಲ್ಲಿಂದ ತೂಗುಗುಂಡು ಬಿಟ್ಟು ನೆಲದ ಮೇಲೆ ಸುಣ್ಣದ ಕಡ್ಡೀಲಿ ಚುಕ್ಕೆ. ಹಿಂದಿನ ಆಕ್ಸೆಲ್‌ನ ಎರಡು ತುದಿಯಿಂದಲೂ ಹಾಗೇ ಗುಂಡು ಬಿಟ್ಟು ಚುಕ್ಕೆ. ಈಗ ಆಕ್ಸೆಲ್ ಚುಕ್ಕೆಗಳಿಂದ ಮುಂದಿನ ಚುಕ್ಕೆಗೆ ದಾರ. ಒಂದು ದಾರ ಇನ್ನೊಂದಕ್ಕಿಂತ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಬಂತು. ಆಕ್ಸೆಲ್ಲೇ ಸೊಟ್ಟ! ನಾಯಿ ಓಡುವಾಗ ಹಿಂಗಾಲು ಒಂದು ಪಕ್ಕಕ್ಕೆ ಇರುತ್ತಲ್ಲ, ಗಾಡಿ ಹಂಗೆ ಓಡ್ತಿತ್ತು. ಪ್ಲೇಟ್ ಸೆಟ್ ಬಿಚ್ಚಿದ್ರೆ ಬಲಗಡೆ ಸೆಂಟರ್ ಬೋಲ್ಟ್ ತುಂಡಾಗಿದೆ, ಎರಡನೇ ಪ್ಲೇಟೂ ಮುರಿದಿದೆ. ಎರಡನ್ನೂ ಹೊಸದು ಹಾಕಿಸಿ ಮತ್ತೆ ದಾರ ಹಿಡಿದಾಗ ಎರಡೂ ಸಮ.

ಮೂರು, ಚಾಸಿ. ಈಗ ಚಾಸೀನ ನಾಲ್ಕು ಕಡೆ ಮರದ ದಿಮ್ಮಿ ಮೇಲೆ ಎತ್ತಿ ನಿಲ್ಲಿಸಿದ್ವಿ, ಸ್ಪ್ರಿಂಗ್ ಮೇಲೆ ಭಾರ ಇರಬಾರದು ಅಂತ. ಮನೆ ಕಟ್ಟೋ ಮೇಸ್ತ್ರಿಗಳ ಮಟ್ಟದ ಪೈಪು ತಂದ್ವಿ. ಪಾರದರ್ಶಕ ಪೈಪಲ್ಲಿ ನೀರು, ಒಳಗೆ ಒಂದು ಗುಳ್ಳೆಯೂ ಇರಬಾರದು. ನಾಲ್ಕೂ ಮೂಲೇಲಿ ಹಿಡಿದು ನೋಡಿದ್ವಿ. ಮೂರು ಮೂಲೆ ಮಟ್ಟ ಮಾಡಿದ ಮೇಲೆ ನಾಲ್ಕನೆಯದು ತಾನಾಗಿ ಮಟ್ಟಕ್ಕೆ ಬಂದ್ರೆ ಚಾಸಿ ತಿರುಚಿಲ್ಲ ಅಂತ ಅರ್ಥ. ನಮ್ಮದು ಒಂದೆರಡು ಎಂಎಂ ಒಳಗೇ ಬಂತು. ಮುಂಚೆ ಬಲಗಡೆ ಜಗ್ಗಿ ಕಾಣ್ತಿದ್ದುದು ಮುರಿದ ಪ್ಲೇಟಿನಿಂದ. ಆ ಜಗ್ಗನ್ನ ಸರಿ ಮಾಡೋಕೆ ಬಾಡಿ ಕೆಳಗೆ ಬಲಗಡೆ ಪ್ಯಾಕಿಂಗ್ ಕೊಟ್ಟಿದ್ರೆ, ಹೊಸ ಪ್ಲೇಟ್ ಹಾಕಿದ ದಿನ ಬಾಡಿ ಎಡಕ್ಕೆ ವಾಲ್ತಿತ್ತು.

ನಾಲ್ಕು, ಅಡ್ಡಪಟ್ಟಿ. ಚಾಸಿ ಉದ್ದಕ್ಕೆ ನಡುಗೆರೆ ಹಿಡಿದು ದಾರ ಕಟ್ಟಿದ್ವಿ. ಅಡ್ಡ ಚಾನೆಲ್‌ಗಳ ಮಧ್ಯೆ ಗುರುತು ಹಾಕಿ ಆ ದಾರದ ಕೆಳಗೆ ಸರಿಯಾಗಿ ಇಟ್ವಿ. ಕೂರಿಸಿದ್ದು ಚಾಸಿ ಮೇಲೆ ಮೊದಲೇ ಇದ್ದ ಬ್ರಾಕೆಟ್ಟು, ಮೊದಲೇ ಇದ್ದ ತೂತುಗಳಲ್ಲೇ. ಚಾಸಿಗೆ ಹೊಸ ತೂತು ಇಲ್ಲ, ಚಾಸಿಗೆ ವೆಲ್ಡಿಂಗ್ ಇಲ್ಲ. ಬೆಂಕಿ ತಗುಲಿದ ಕಡೆ ಕಬ್ಬಿಣದ ಹದ ಹೋಗಿ, ಮುಂದೆ ಅಲ್ಲೇ ಬಿರುಕು ಬಿಡುತ್ತೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಬಾರದು ಅಂತ ನಡುವೆ ದಪ್ಪ ರಬ್ಬರ್ ಪಟ್ಟಿ. ಮೊದಲ ಚಾನೆಲ್‌ನಿಂದ ಕೊನೇದಕ್ಕೆ ಎರಡು ಅಂಚಲ್ಲೂ ದಾರ ಎಳೆದು, ಎಲ್ಲಿ ತಗ್ಗಿದೆಯೋ ಅಲ್ಲಿ ತೆಳು ತಗಡು ಕೊಟ್ಟು ಒಂದೇ ಮಟ್ಟಕ್ಕೆ ತಂದ್ವಿ. ನೆಟ್ಟು ಕೈಲಿ ಮಾತ್ರ ತಿರುಗಿಸಿದ್ದು. ಸ್ಪ್ಯಾನರ್ ಮುಟ್ಟಿಲ್ಲ.

ಐದು, ನೆಲದ ಹಲಗೆ. ನಮ್ಮ ಕೆರೆ ಅಂಚಿನ ಜಮೀನಲ್ಲಿ ಗಾಳಿಗೆ ಬಿದ್ದ ಕರಿಜಾಲಿ ಮರ ಕೊಯ್ಸಿ ಎರಡು ವರ್ಷದಿಂದ ನೆರಳಲ್ಲಿ ಒಣಗಿಸಿ ಇಟ್ಟಿದ್ದೆ. ಹಿಂದೆ ನೇಗಿಲಿಗೆ, ಗಾಡಿ ಚಕ್ರಕ್ಕೆ ಹಾಕ್ತಿದ್ದುದು ಇದೇ ಮರ. ಒಂದೂಕಾಲು ಇಂಚು ದಪ್ಪದ ಹಲಗೆ. ಮರ ತೂಕ ಅಂತ ಹುಡುಗ ಗೊಣಗಿದ. ಲೆಕ್ಕ ಹಾಕಿ ತೋರಿಸಿದೆ. ಕಬ್ಬಿಣದ ತಗಡು ಒಂದು ಚದರ ಮೀಟರಿಗೆ, ಒಂದು ಎಂಎಂ ದಪ್ಪಕ್ಕೆ 7.85 ಕೆಜಿ. ನಮ್ಮ ಏಳು ಅಡಿ ಐದು ಅಡಿ ನೆಲಕ್ಕೆ 3 ಎಂಎಂ ತಗಡು ಹಾಕಿದ್ರೂ ಸುಮಾರು 76 ಕೆಜಿ. ಮರವೂ ಹೆಚ್ಚುಕಮ್ಮಿ ಅಷ್ಟೇ, ಬಿಸಿಲಿಗೆ ಕಾಯಲ್ಲ, ಬಾಕ್ಸ್ ಜಾರಲ್ಲ, ಒಂದು ಹಲಗೆ ಹೋದ್ರೆ ಅದೊಂದೇ ಬದಲಾಯಿಸಬಹುದು. ಹಲಗೆ ಹಲಗೆ ನಡುವೆ ಕಾಲು ಇಂಚು ಸಂದು ಬಿಟ್ವಿ. ಮಳೇಲಿ ಮರ ಉಬ್ಬೋಕೆ ಜಾಗ, ನೀರು ಇಳಿಯೋಕೆ ದಾರಿ. ಅಗಸೆ ಎಣ್ಣೆ ಎರಡು ಕೈ ಕುಡಿಸಿದ್ವಿ. ಸುಟ್ಟ ಎಂಜಿನ್ ಆಯಿಲ್ ಬಳೀತಾರೆ ಕೆಲವರು, ತಿನ್ನೋ ಪದಾರ್ಥ ಹೊರೋ ನೆಲಕ್ಕೆ ಅದು ಬೇಡ.

ಆರು, ಪಕ್ಕದ ಹಲಗೆ, ಮುಂದಿನ ತಡೆ, ಹಿಂದಿನ ಡೋರ್. ಎಲ್ಲರೂ ಮುಂದಿನದು, ಪಕ್ಕದ್ದು ಬಿಗಿ ಮಾಡಿ ಕೊನೇಲಿ ಡೋರ್ ತಂದು ತುರುಕ್ತಾರೆ. ಆಚಾರ್ರು ಉಲ್ಟಾ ಮಾಡಿಸಿದ್ರು. ನಾಲ್ಕೂ ಸಡಿಲವಾಗಿ ನಿಲ್ಲಿಸಿ, ಡೋರನ್ನ ಮೊದಲೇ ಹಾಕಿ, ಎರಡೂ ಕೊಂಡಿ ಪೂರ್ತಿ ಹಿಡಿಯೋ ಹಾಗೆ ಪಕ್ಕದ ಹಲಗೆಗಳನ್ನ ಹಿಂದೆ ಮುಂದೆ ಸರಿಸೋದು. ಬಾಡಿ ಹಿಂಬದಿ ಅಗಲ ತೀರ್ಮಾನ ಮಾಡೋದು ಡೋರೇ. ಆಮೇಲೆ ಮೂಲೆಯಿಂದ ಮೂಲೆಗೆ ಟೇಪು. ಕೆಳಗೆ ಒಂದು ಸಲ, ಮೇಲಿನ ಅಂಚಲ್ಲಿ ಇನ್ನೊಂದು ಸಲ. ಕೆಳಗೆ ಸರಿ ಇದ್ದು ಮೇಲೆ ಸೊಟ್ಟ ಇರಬಹುದು. ಹೆಚ್ಚು ಬಂದ ಮೂಲೆಗಳಿಗೆ ಹಗ್ಗ ಕಟ್ಟಿ, ನಡುವೆ ಕೋಲು ಸಿಕ್ಕಿಸಿ ತಿರುಚಿದ್ರೆ ಸ್ವಲ್ಪ ಸ್ವಲ್ಪ ಒಳಗೆ ಬರುತ್ತೆ. ನಾವು ಮಾವಿನ ಗಿಡ ನೆಡುವಾಗ ಚೌಕ ಹಾಕಿ ಎರಡು ಮೂಲೆ ಅಳತೆ ಸಮ ಮಾಡ್ತೀವಲ್ಲ, ಅದೇ ಕೆಲಸ. ಸಂಜೆ ಹೊತ್ತಿಗೆ ಎರಡೂ 8 ಅಡಿ ಏಳೂಕಾಲು. ವ್ಯತ್ಯಾಸ ಹುಡುಕಿದ್ರೂ ಎರಡು ಎಂಎಂ ಸಿಗಲಿಲ್ಲ.

ಬಿಗಿ ಮಾಡಿದ್ದು ಆಮೇಲೆ. ನಡುವಿನಿಂದ ತುದಿಗೆ, ಎಡಗಡೆ ಒಂದು ಬಲಗಡೆ ಒಂದು, ಮೂರು ಸುತ್ತಲ್ಲಿ. ಪ್ರತಿ ಸುತ್ತಿಗೂ ಟೇಪು.

ಏಳು, ಕ್ಯಾಬಿನ್. ಬಾಡಿ ಚಾಸಿಗೆ ಸರಿಯಾಗಿ ಕೂತ ಮೇಲೆ ದೂರ ನಿಂತು ನೋಡಿದ್ರೆ ಕಣ್ಣಿಗೆ ಸೊಟ್ಟ! ಕ್ಯಾಬಿನ್‌ಗೂ ಬಾಡಿಗೂ ನಡುವಿನ ಸಂದು ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಹುಡುಗ ನನ್ನ ಮುಖ ನೋಡಿದ. ನಾನು ಆಚಾರ್ರ ಮುಖ ನೋಡಿದೆ. ಅವರು ಎಲೆ ಅಡಿಕೆ ಹಾಕ್ಕೊಂಡು, "ಕ್ಯಾಬಿನ್ ಕೆಳಗೆ ನೋಡ್ರಪ್ಪಾ" ಅಂದ್ರು. ಕ್ಯಾಬಿನ್ ಕೂರೋ ರಬ್ಬರ್ ಬುಷ್‌ಗಳಲ್ಲಿ ಒಂದು ಹಪ್ಪಳ ಆಗಿತ್ತು, ಕ್ಯಾಬಿನ್ನೇ ಅರ್ಧ ಇಂಚು ಎಡಕ್ಕೆ ಇಳಿದಿತ್ತು. ಬುಷ್ ಬದಲಾಯಿಸಿದ್ವಿ, ಸಂದು ಎರಡೂ ಕಡೆ ಒಂದೂವರೆ ಇಂಚು. ಕ್ಯಾಬಿನ್ ನೋಡ್ಕೊಂಡು ಬಾಡಿ ಕೂರಿಸಿದ್ರೆ ಏನಾಗ್ತಿತ್ತು ಅಂತ ಹುಡುಗನೇ ಬಾಯಿ ಬಿಟ್ಟು ಹೇಳಿದ: "ಇನ್ನೊಂದು ಸೊಟ್ಟ ಬಾಡಿ ಆಗ್ತಿತ್ತು ತಾತಾ."

ಆ ಸಂದನ್ನ ಚೆಂದಕ್ಕೆ ಅಂತ ಕಮ್ಮಿ ಮಾಡಬೇಡಿ. ಹಿಂದಿನ ಒಂದು ಚಕ್ರವನ್ನ ಅರ್ಧ ಅಡಿ ಕಲ್ಲಿನ ಮೇಲೆ ಹತ್ತಿಸಿ ನೋಡಿ, ಚಾಸಿ ಬಳುಕಿ ಮೇಲಿನ ಮೂಲೇಲಿ ಸಂದು ಕಿರಿದಾಗೋದು ಕಣ್ಣಿಗೆ ಕಾಣುತ್ತೆ. ಜಾಗ ಇಲ್ಲದಿದ್ರೆ ಬಾಡಿ ಹೋಗಿ ಕ್ಯಾಬಿನ್‌ಗೆ ಗುದ್ದುತ್ತೆ.

ಎಂಟು, ಭಾರ ಹಾಕಿ ನೋಡೋದು. ಖಾಲಿ ಗಾಡೀಲಿ ಎಲ್ಲಾ ಸರಿಯಾಗೇ ಕಾಣುತ್ತೆ. ಟೈರಿನ ಮೇಲೆ ಬಾಡಿ ತಳಕ್ಕೆ ಜೇಡಿಮಣ್ಣಿನ ಉಂಡೆ ಅಂಟಿಸಿ, 18 ಚೀಲ ಗೊಬ್ಬರ ಎರಡೂ ಕಡೆ ಸಮವಾಗಿ ಹೇರಿ ಹೊಲದ ದಾರೀಲಿ ಓಡಿಸಿದೆ. ವಾಪಸ್ ಬಂದು ಉಂಡೆ ನೋಡಿದ್ರೆ ಎಷ್ಟು ಚಪ್ಪಟೆ ಆಗಿದೆಯೋ ಅದರಿಂದ ಟೈರು ಎಷ್ಟು ಮೇಲೆ ಬಂದಿತ್ತು ಅಂತ ತಿಳಿಯುತ್ತೆ. ನಮಗೆ ಎರಡು ಇಂಚು ಜಾಗ ಉಳಿದಿತ್ತು. ಆಮೇಲೆ ಭಾರ ಇರುವಾಗಲೇ ಇನ್ನೊಂದು ಸಲ ಮೂಲೆ ಅಳತೆ, ಇನ್ನೊಂದು ಸಲ ನೆಟ್ಟು ಬಿಗಿ. ಪ್ರತಿ ನೆಟ್ಟಿನಿಂದ ಬೋಲ್ಟಿಗೆ ಹಳದಿ ಪೇಂಟಲ್ಲಿ ಒಂದು ಗೀಟು ಎಳೆದಿದ್ದೀವಿ. ಸಡಿಲ ಆದ್ರೆ ಗೀಟು ತುಂಡಾಗಿ ಕಾಣುತ್ತೆ, ಸ್ಪ್ಯಾನರ್ ಹಾಕಿ ನೋಡೋದೇ ಬೇಡ. ಮೊದಲ ವಾರ ಎರಡು ನೆಟ್ಟು ಸಡಿಲ ಆಗಿತ್ತು, ಆಮೇಲೆ ಇಲ್ಲ.

ಇನ್ನು ಎರಡು ಸಣ್ಣ ವಿಷಯ, ಆದ್ರೆ ತಲೆ ತಿನ್ನೋ ವಿಷಯ. ಒಂದು, ವೆಲ್ಡಿಂಗ್ ಮಾಡೋ ಮುಂಚೆ ಬ್ಯಾಟರಿ ವೈರು ಬಿಚ್ಚಿ. ಇಲ್ಲದಿದ್ರೆ ಡೈನಮೋ ಸುಟ್ಟು ಹೋಗಬಹುದು. ಬಾಡಿ ವೆಲ್ಡಿಂಗ್ ಎಲ್ಲಾ ಕೆಳಗಿಳಿಸಿ, ಡೀಸೆಲ್ ಟ್ಯಾಂಕಿನಿಂದ ದೂರದಲ್ಲೇ ಮಾಡಿ. ಎರಡು, ರಬ್ಬರ್ ಪಟ್ಟಿ ಮೇಲೆ ಬಾಡಿ ಕೂರಿಸಿದ ಮೇಲೆ ಹಿಂದಿನ ಲೈಟಿಗೆ ಅರ್ಥ್ ಸರಿಯಾಗಿ ಸಿಗಲ್ಲ. ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟೂ ಮಿಣುಕ್ತಿತ್ತು. ಬಾಡಿಯಿಂದ ಚಾಸಿಗೆ ಒಂದು ದಪ್ಪ ವೈರು ಹಾಕಿದ ಕೂಡಲೇ ಸರಿ ಹೋಯ್ತು. ಎಫ್‌ಸಿಗೆ ಹೋಗೋ ಮುಂಚೆ ರಿಫ್ಲೆಕ್ಟರ್ ಪಟ್ಟಿ ಮರೀಬೇಡಿ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು.

ಕೆಲಸ ನಡೀತಿರುವಾಗ ಮಗ ಭಾನುವಾರ ಬಂದಿದ್ದ. "ಅಪ್ಪಾ, ಹೆಂಗೂ ಹೊಸದು ಕಟ್ಟಿಸ್ತಿದ್ದೀಯ, ಒಂದು ಅಡಿ ಉದ್ದ, ಒಂದು ಅಡಿ ಎತ್ತರ ಜಾಸ್ತಿ ಮಾಡಿಸು. ಇನ್ನೂ ಹದಿನಾಲ್ಕು ಬಾಕ್ಸ್ ಹಿಡಿಯುತ್ತೆ" ಅಂದ. ನಮ್ಮ ಸುತ್ತ ಸುಮಾರು ಗಾಡಿಗೆ ಹಿಂಗೆ ಮಾಡಿಸಿದ್ದಾರೆ. ನಾನು ಆರ್‌ಸಿ ತೆಗೆದು ತೋರಿಸಿದೆ. ಅದರಲ್ಲಿ ಎರಡು ತೂಕ ಬರೆದಿರುತ್ತೆ. ಖಾಲಿ ಗಾಡಿ ತೂಕ, ಲೋಡ್ ಸಮೇತ ತೂಕ. ಎರಡನೆಯದರಿಂದ ಮೊದಲನೆಯದು ಕಳೆದ್ರೆ ನಾವು ಹೊರಬಹುದಾದ್ದು ಅಷ್ಟೇ. ಬಾಡಿ 100 ಕೆಜಿ ಜಾಸ್ತಿ ತೂಗಿದ್ರೆ ಆರು ಬಾಕ್ಸ್ ನಾವೇ ಬಿಟ್ಟುಕೊಟ್ಟ ಹಾಗೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸೀಲಿ ಇರೋದಕ್ಕೂ ಗಾಡಿಗೂ ತಾಳೆ ತಪ್ಪೋ ಹಾಗೆ ಬದಲಾಯಿಸೋ ಹಾಗಿಲ್ಲ. ಹಿಂದಿನ ಆಕ್ಸೆಲ್‌ನಿಂದ ಆಚೆಗೆ ಬಾಡಿ ಚಾಚಿರೋದಕ್ಕೂ ಮಿತಿ ಇದೆ, ಮುಂದಿನ ಹಿಂದಿನ ಚಕ್ರದ ನಡುವಿನ ಅಂತರದಲ್ಲಿ 60 ಪರ್ಸೆಂಟ್ ದಾಟಬಾರದು. ಕಾನೂನು ಬಿಡಿ, ಹಿಂದಕ್ಕೆ ಚಾಚಿದಷ್ಟೂ ಮುಂದಿನ ಚಕ್ರ ಹಗುರ ಆಗುತ್ತೆ, ಸ್ಟೇರಿಂಗ್ ಕೈಗೆ ಸಿಗಲ್ಲ. ಎತ್ತರ ಮಾಡಿದಷ್ಟೂ ತಿರುವಲ್ಲಿ ವಾಲುತ್ತೆ. ಅವನಿಗೆ ಇಷ್ಟು ಹೇಳಿ, "ಬೈಕಲ್ಲಿ ಬಿದ್ದೋರು ಯಾರು ಅಂತ ನಿನಗೂ ಗೊತ್ತಲ್ಲ" ಅಂದೆ. ಆಮೇಲೆ ಅವನೇ ಕೂತು ಡೋರ್ ಕೊಂಡಿಗೆ ಅಡ್ಡ ಪಿನ್ನು, ಪಿನ್ನಿಗೆ ಸರಪಳಿ ಹಾಕಿದ. ಈಗ ಕೊಂಡಿ ಜಾರಿದ್ರೂ ಪಿನ್ನು ಹಿಡಿಯುತ್ತೆ.

ಅದೇ ದಿನ ಇನ್ನೊಂದು ಮಾತೂ ಮನೇಲಿ ತೀರ್ಮಾನ ಆಯ್ತು. ಈ ಬಾಡೀಲಿ ಜನ ಹತ್ತಿಸಲ್ಲ. ಕೂಲಿಗೆ ಬರೋ ಅಕ್ಕಂದಿರಿಗೆ ಆಟೋ ಹೇಳಿದ್ದೀನಿ, ದಿನಕ್ಕೆ 300 ಹೋಗುತ್ತೆ. ನನ್ನ ಹೆಂಡತಿ ಲೆಕ್ಕದ ಪುಸ್ತಕದಲ್ಲಿ ಅದನ್ನೂ ಗೊಬ್ಬರ ಔಷಧಿ ಜೊತೆಗೇ ಖರ್ಚು ಅಂತ ಬರೀತಾಳೆ.

ಈಗ ಎಲ್ಲರೂ ಕೇಳೋ ಲೆಕ್ಕ:

ಕಬ್ಬಿಣ (ಚಾನೆಲ್, ಆಂಗಲ್, ತಗಡು) 148 ಕೆಜಿ, 75ರಂತೆ: 11,100
ಬೋಲ್ಟು, ನಟ್ಟು, ವಾಷರ್: 2,450
ರಬ್ಬರ್ ಪಟ್ಟಿ, ಕ್ಯಾಬಿನ್ ಬುಷ್: 600
ಹಲಗೆ ಕೊಯ್ಸಿದ್ದು: 1,800
ಪ್ಲೇಟ್ ಸೆಟ್ ರಿಪೇರಿ: 3,400
ವೆಲ್ಡಿಂಗ್ ಕೂಲಿ 3 ದಿನ: 3,600
ಆಚಾರ್ರು 4 ದಿನ: 4,000
ರೆಡ್ ಆಕ್ಸೈಡ್, ಪೇಂಟು, ಅಗಸೆ ಎಣ್ಣೆ: 2,650
ಒಟ್ಟು: 29,600 ರೂಪಾಯಿ

ಮರ ನಮ್ಮದೇ ಆದ್ದರಿಂದ ಅದರ ಬೆಲೆ ಹಾಕಿಲ್ಲ. ಹೊರಗಡೆ ತಗೊಂಡ್ರೆ ಅದು ಬೇರೆ. ವೇ ಬ್ರಿಡ್ಜಲ್ಲಿ ತೂಗಿಸಿದ್ರೆ ಹಳೇ ಬಾಡಿ ಇದ್ದಾಗಿಗಿಂತ 20 ಕೆಜಿ ಕಮ್ಮಿ ಬಂತು.

ಐದು ವಾರದಲ್ಲಿ ಮಂಡಿಗೆ ಹದಿಮೂರು ಟ್ರಿಪ್ಪು ಆಗಿದೆ. ಅಡಿಯ ಬಾಕ್ಸ್‌ನಲ್ಲಿ ಹಣ್ಣು ಜಜ್ಜೋದು ಕಮ್ಮಿ ಆಗಿದೆ, ಯಾಕಂದ್ರೆ ಒಂದು ಅಟ್ಟಕ್ಕೆ 14 ಬಾಕ್ಸ್ ಒಂದಕ್ಕೊಂದು ನೆಟ್ಟಗೆ ಒತ್ತಿ ಕೂರುತ್ತೆ, ಅಲ್ಲಾಡೋಕೆ ಜಾಗ ಇಲ್ಲ. ಹಿಂದಿನ ಟೈರು ಈಗ ಸಮವಾಗಿ ಸವೀತಿದೆ.

ನಿಮ್ಮಲ್ಲಿ ಸುಮಾರು ಜನರ ಹತ್ರ ಪಿಕಪ್ ಇದೆ, ಟ್ರ್ಯಾಕ್ಟರ್ ಟ್ರೈಲರ್ ಇದೆ. ಹಳೇದೇ ಆಗಿರಬೇಕು ಅಂತಿಲ್ಲ, ಹೊಸದೂ ಸೊಟ್ಟ ಇರಬಹುದು. ಈ ವಾರ ಒಂದು ಕೆಲಸ ಮಾಡಿ. ಒಬ್ಬರನ್ನ ಕರ್ಕೊಂಡು ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡು ಅಳತೆ ತಗೊಳ್ಳಿ. ಐದು ನಿಮಿಷ ಸಾಕು. ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಡೋರ್ ಕೊಂಡಿ ಎಷ್ಟು ಆಳ ಹಿಡಿದಿದೆ ಅಂತ ಬಗ್ಗಿ ನೋಡಿ. ಅಲ್ಲಿಗೆ ನಿಲ್ಲಿಸಬೇಡಿ, ಕೆಳಗೆ ಇರುಸಿನ ತನಕ ಹೋಗಿ. ಸೊಟ್ಟ ಕಾಣೋದು ಮೇಲೆ, ಹುಟ್ಟಿರೋದು ಕೆಳಗೆ.

ಮಟ್ಟದ ಪೈಪು, ತೂಗುಗುಂಡು ನಮ್ಮ ಕೊಟ್ಟಿಗೇಲೇ ಇದೆ. ಬೇಕಾದವರು ಬಂದು ತಗೊಂಡು ಹೋಗಿ, ಕೆಲಸ ಆದ ಮೇಲೆ ತಂದಿಡಿ. ಆಚಾರ್ರಿಗೆ ಕಣ್ಣು ಸ್ವಲ್ಪ ಮಂಜಾಗಿದೆ, ಟೇಪಿನ ಅಂಕಿ ನಾವೇ ಓದಿ ಹೇಳಬೇಕು. ದಾರ ಹಿಡಿಯೋದು ಮಾತ್ರ ಅವರೇ.